ಪಾಲಾದ ಆರೋಗ್ಯ ಇಲಾಖೆ: ಕೊಲರಾಡೊದ ಮೂರು ಕೌಂಟಿಗಳು



2021ರ ಸೆಪ್ಟೆಂಬರ್ 7ರಂದು ಅಮೆರಿಕದ ಕೊಲರಾಡೊ ರಾಜ್ಯದ ಡಗ್ಲಾಸ್ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದ, ಮೂವರು ಚುನಾಯಿತ ಆಯುಕ್ತರು ಒಂದು ತೀರ್ಮಾನ ಕೈಗೊಂಡರು. ನೆರೆಯ ಆಡಮ್ಸ್ ಮತ್ತು ಅರಾಪಹೊ ಕೌಂಟಿಗಳ ಜೊತೆಗೂಡಿ ನಡೆಸುತ್ತಿದ್ದ ಆರೋಗ್ಯ ಇಲಾಖೆಯಿಂದ ತಮ್ಮ ಕೌಂಟಿ ಹೊರಬರುತ್ತದೆ ಎಂಬುದು ಆ ತೀರ್ಮಾನ. 55 ವರ್ಷಗಳ ಜೊತೆ ಅಲ್ಲಿಗೆ ಮುಗಿಯಿತು. ಮರುವರ್ಷದ ಡಿಸೆಂಬರ್ 31ಕ್ಕೆ ಆ ಇಲಾಖೆಯೇ ಬಾಗಿಲು ಹಾಕಿತು. ಬಾಯಿ-ಮೂಗು ಮುಚ್ಚುವ ಒಂದು ತುಂಡು ಬಟ್ಟೆಯ ಮೇಲೆ ಹುಟ್ಟಿದ ಜಗಳ, 15 ಲಕ್ಷ ಜನರ ಆರೋಗ್ಯ ನೋಡಿಕೊಳ್ಳುತ್ತಿದ್ದ ಸಂಸ್ಥೆಯೊಂದನ್ನು ಹೇಗೆ ಕೊನೆಗಾಣಿಸಿತು ಎಂಬುದನ್ನು ಇಂದು ನಿಮ್ಮ ಮುಂದೆ ಬಿಡಿಸಿ ಹೇಳಬೇಕೆಂದಿದ್ದೇನೆ.

ಸಮುದಾಯ ವೈದ್ಯಶಾಸ್ತ್ರವನ್ನು ಕಲಿಸಿಕೊಂಡು ಬಂದವನಿಗೆ ಇದು ದೂರದ ಸುದ್ದಿ ಅನ್ನಿಸುವುದಿಲ್ಲ. ಯಾವ ಕೆಲಸವನ್ನು ಎಷ್ಟು ಜನ ಸೇರಿ ಮಾಡಬೇಕು, ಯಾವುದನ್ನು ತಮ್ಮ ಪಾಡಿಗೆ ತಾವು ಮಾಡಿಕೊಳ್ಳಬಹುದು ಎಂಬ ಪ್ರಶ್ನೆ ಸಾರ್ವಜನಿಕ ಆರೋಗ್ಯದಷ್ಟೇ ಹಳೆಯದು.

ಮೊದಲು ಸ್ಥಳದ ಪರಿಚಯ ಆಗಲಿ. ಡೆನ್ವರ್ ನಗರದ ಉತ್ತರದಿಂದ ಪೂರ್ವ, ದಕ್ಷಿಣಕ್ಕೆ ಸುತ್ತಿಕೊಂಡಂತೆ ಈ ಮೂರು ಕೌಂಟಿಗಳಿವೆ. 2020ರ ಜನಗಣತಿಯಂತೆ ಅರಾಪಹೊದಲ್ಲಿ 6,55,070 ಜನ, ಆಡಮ್ಸ್‌ನಲ್ಲಿ 5,19,572, ಡಗ್ಲಾಸ್‌ನಲ್ಲಿ 3,57,978. ಮೂರೂ ಒಂದೇ ಬಗೆಯವಲ್ಲ. ಆಡಮ್ಸ್‌ನಲ್ಲಿ ಕಾರ್ಖಾನೆಗಳು, ಗೋದಾಮುಗಳು, ಕಾಮರ್ಸ್ ಸಿಟಿಯ ತೈಲ ಶುದ್ಧೀಕರಣ ಘಟಕ, ದುಡಿಯುವವರ ಮನೆಗಳು. ಡಗ್ಲಾಸ್ ಇಡೀ ಅಮೆರಿಕದ ಸಿರಿವಂತ ಕೌಂಟಿಗಳ ಸಾಲಿನಲ್ಲಿ ನಿಲ್ಲುವಂಥದ್ದು; ಹೊಸ ಬಡಾವಣೆಗಳು, ದೊಡ್ಡ ನಿವೇಶನಗಳು, ಅವುಗಳಾಚೆ ಹುಲ್ಲುಗಾವಲು. ಅರಾಪಹೊ ಇವೆರಡರ ನಡುವಿನದು. ಇನ್ನು ಅರೋರಾ ಎಂಬ ನಗರವನ್ನು ವಿಶೇಷವಾಗಿ ನೆನಪಿಡಬೇಕು. ಈ ಒಂದೇ ನಗರ ಮೂರೂ ಕೌಂಟಿಗಳಲ್ಲಿ ಹರಡಿಕೊಂಡಿದೆ. ಹಲವು ದೇಶಗಳಿಂದ ಬಂದ ನಿರಾಶ್ರಿತರು ಅಲ್ಲಿ ನೆಲೆಸಿದ್ದಾರೆ. ಕೌಂಟಿಯ ಗಡಿ ಎಲ್ಲಿ ದಾಟಿತೆಂದು ಅಲ್ಲಿಯ ಬಸ್ಸಿನಲ್ಲಿ ಕುಳಿತವರಿಗೆ ತಿಳಿಯುವುದೇ ಇಲ್ಲ.

ಮೂರೂ ಕೌಂಟಿಗಳಿಗೆ ಸೇರಿದ ಈ ಸಂಸ್ಥೆಯ ಹೆಸರು ಟ್ರೈ-ಕೌಂಟಿ ಆರೋಗ್ಯ ಇಲಾಖೆ. ಆರಂಭವಾದದ್ದು 1948ರಲ್ಲಿ, ಡಗ್ಲಾಸ್ ಸೇರಿಕೊಂಡದ್ದು 1966ರಲ್ಲಿ. 1948 ಎಂಬ ಇಸವಿಗೆ ಹಿನ್ನೆಲೆಯಿದೆ. ಅದಕ್ಕೆ ಮೂರು ವರ್ಷ ಮೊದಲು, 1945ರಲ್ಲಿ, ನ್ಯೂಯಾರ್ಕಿನ ವೈದ್ಯ ಹೇವನ್ ಎಮರ್ಸನ್ ಅವರ ನೇತೃತ್ವದ ಸಮಿತಿ ಅಮೆರಿಕದ ಸ್ಥಳೀಯ ಆರೋಗ್ಯ ವ್ಯವಸ್ಥೆಯ ಬಗ್ಗೆ ಒಂದು ವರದಿ ಕೊಟ್ಟಿತು. ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿದ್ದವು. ಬಹಳಷ್ಟು ಕಡೆ ಪೂರ್ಣಾವಧಿಯ ಆರೋಗ್ಯಾಧಿಕಾರಿ ಇರಲಿಲ್ಲ. ಊರಿನ ಯಾವುದೋ ಡಾಕ್ಟರು ಬಿಡುವಾದಾಗ ನೋಡಿಕೊಳ್ಳುತ್ತಿದ್ದರು. ಕೌಂಟಿಗಳು ಒಂದಕ್ಕೊಂದು ಸೇರಿಕೊಳ್ಳಬೇಕು, ಒಂದೊಂದು ಆರೋಗ್ಯ ಘಟಕಕ್ಕೆ ಕನಿಷ್ಠ 50 ಸಾವಿರ ಜನಸಂಖ್ಯೆ ಇರಬೇಕು, ಆಗ ಸುಮಾರು 1,200 ಘಟಕಗಳಲ್ಲಿ ಇಡೀ ದೇಶವನ್ನು ನೋಡಿಕೊಳ್ಳಬಹುದು ಎಂಬುದು ಎಮರ್ಸನ್ ಅವರ ಲೆಕ್ಕ. ಅದಕ್ಕಿಂತ ಕಡಿಮೆ ಜನರಿರುವ ಕಡೆ ತರಬೇತಿ ಪಡೆದ ಸಿಬ್ಬಂದಿಯನ್ನು ಇಟ್ಟುಕೊಳ್ಳಲು ಹಣವೂ ಸಾಲದು, ಅವರಿಗೆ ಪಳಗುವಷ್ಟು ಕೆಲಸವೂ ಸಿಗದು.

ಈ ಚಿಂತನೆ ನಮ್ಮ ನೆಲಕ್ಕೆ ಅದಕ್ಕೂ ಮೊದಲೇ ಬಂದಿತ್ತು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕೊಕ್ಕೆಹುಳದ ವಿರುದ್ಧ 1909ರಿಂದ ಕೆಲಸ ಮಾಡಿ, ಅದರ ಬೆನ್ನಿಗೇ ಕೌಂಟಿ ಆರೋಗ್ಯ ಘಟಕಗಳಿಗೆ ನೆರವಾದ ರಾಕ್‌ಫೆಲರ್ ದತ್ತಿಯವರೇ ಮೈಸೂರು ಸಂಸ್ಥಾನದ ಜೊತೆಗೂಡಿ 1929ರಲ್ಲಿ ಮಂಡ್ಯದಲ್ಲಿ ಆರೋಗ್ಯ ಘಟಕ ತೆರೆದರು. ಒಂದು ಪ್ರದೇಶ, ಅದಕ್ಕೆ ಒಬ್ಬ ಆರೋಗ್ಯಾಧಿಕಾರಿ, ಅವರ ಕೈಕೆಳಗೆ ಇನ್ಸ್‌ಪೆಕ್ಟರುಗಳು, ದಾದಿಯರು. ಮನೆಮನೆಯ ಜನನ-ಮರಣದ ಲೆಕ್ಕ, ಮಲೇರಿಯಾ, ಕಕ್ಕಸು, ಬಾವಿ ಎಲ್ಲ ಒಂದೇ ಕಚೇರಿಯ ಜವಾಬ್ದಾರಿ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವಂಶಾವಳಿಯಲ್ಲಿ ಮಂಡ್ಯದ ಆ ಘಟಕಕ್ಕೂ ಒಂದು ಸ್ಥಾನವಿದೆ. ಆದ್ದರಿಂದ ಕೊಲರಾಡೊದ ಇಲಾಖೆಯನ್ನು ನಮ್ಮ ದೂರದ ದಾಯಾದಿ ಎಂದೇ ನಾನು ನೋಡುತ್ತೇನೆ.

ಇಂಥ ಇಲಾಖೆ ದಿನವೂ ಏನು ಮಾಡುತ್ತದೆ? ಅದು ಗೊತ್ತಿಲ್ಲದೆ ಹೊರಬರುವ ಮಾತಿನ ತೂಕ ತಿಳಿಯುವುದಿಲ್ಲ.

ಹೋಟೆಲಿನ ಅಡುಗೆಮನೆಗೆ ಇನ್ಸ್‌ಪೆಕ್ಟರು ಬರುತ್ತಾರೆ. ಕೈಯಲ್ಲಿ ಮೊನೆಯುಳ್ಳ ಥರ್ಮಾಮೀಟರು. ಬಿಸಿ ಪದಾರ್ಥ 57 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿಯಬಾರದು, ತಣ್ಣನೆಯದು 5 ಡಿಗ್ರಿಯ ಮೇಲೇರಬಾರದು. ಅವರು ಹೆಚ್ಚು ಹೊತ್ತು ನಿಲ್ಲುವುದು ದೊಡ್ಡ ಪಾತ್ರೆಗಳ ಮುಂದೆ. ಬೇಯಿಸಿದ ಬೇಳೆ, ಮಾಂಸ, ಅನ್ನ ಎರಡು ಗಂಟೆಯೊಳಗೆ 57ರಿಂದ 21 ಡಿಗ್ರಿಗೆ, ಮುಂದಿನ ನಾಲ್ಕು ಗಂಟೆಯೊಳಗೆ 5 ಡಿಗ್ರಿಗೆ ಇಳಿಯಬೇಕು. ಆಳವಾದ ಪಾತ್ರೆಯಲ್ಲಿ ಮುಚ್ಚಳ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೂ ನಡುವಿನ ಭಾಗ ರಾತ್ರಿಯೆಲ್ಲ ಬೆಚ್ಚಗೇ ಉಳಿದು, ಕುದಿಯಲ್ಲೂ ಸಾಯದ ಬೀಜಾಣುಗಳು ಅಲ್ಲಿ ಮೊಳೆಯುತ್ತವೆ. ಮದುವೆಮನೆಯಲ್ಲಿ ರಾತ್ರಿಯ ಹುಳಿಯನ್ನು ಬೆಳಿಗ್ಗೆ ಬಿಸಿ ಮಾಡಿ ಬಡಿಸಿ ಹೊಟ್ಟೆ ಕೆಡಿಸಿಕೊಂಡವರಿಗೆ ಈ ವಿಜ್ಞಾನ ಅನುಭವದಿಂದಲೇ ಗೊತ್ತು. ಹುಳಿಯನ್ನು ಅಗಲವಾದ ತಟ್ಟೆಗಳಿಗೆ ಸುರಿದು ಆರಿಸಿ ಎಂದು ಇನ್ಸ್‌ಪೆಕ್ಟರು ಹೇಳಿ, ಬರೆದು, ಮತ್ತೆ ಬಂದು ನೋಡುತ್ತಾರೆ.

ಇನ್ನೊಬ್ಬರು ಡಗ್ಲಾಸ್‌ನ ಗುಡ್ಡದ ಮೇಲೆ ಹೊಸ ಮನೆ ಕಟ್ಟುವವರ ಜಾಗಕ್ಕೆ ಹೋಗುತ್ತಾರೆ. ಅಲ್ಲಿ ಒಳಚರಂಡಿ ಇಲ್ಲ. ಮನೆಗೊಂದು ಸೆಪ್ಟಿಕ್ ಟ್ಯಾಂಕು, ಮನೆಗೊಂದು ಕೊಳವೆಬಾವಿ. ಗುಂಡಿ ತೋಡಿಸಿ, ಬೇರೆ ಬೇರೆ ಆಳದ ಮಣ್ಣನ್ನು ಒದ್ದೆ ಮಾಡಿ ಬೆರಳುಗಳ ನಡುವೆ ಉಜ್ಜಿ, ಅದು ಮರಳೋ ಜೇಡಿಯೋ, ಕೊಳಚೆ ನೀರು ಎಷ್ಟು ಬೇಗ ಇಂಗುತ್ತದೆ ಎಂದು ಲೆಕ್ಕ ಹಾಕಬೇಕು. ಲೆಕ್ಕ ತಪ್ಪಿದರೆ ಕೆಳಗಿನ ಮನೆಯವರ ಬಾವಿ ಕೆಡುತ್ತದೆ, ಅದೂ ಎಷ್ಟೋ ವರ್ಷಗಳ ಮೇಲೆ.

2019ರ ಬೇಸಿಗೆಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಹೌದು, ಬೆಂಗಳೂರನ್ನು 1898ರಲ್ಲಿ ನಡುಗಿಸಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಹುಟ್ಟಿಗೆ ಕಾರಣವಾದ ಅದೇ ಪ್ಲೇಗ್. ಕೊಲರಾಡೊದ ಹುಲ್ಲುಗಾವಲಿನಲ್ಲಿ ಪ್ರೇರಿ ನಾಯಿ ಎಂಬ, ಅಳಿಲಿನ ಕುಲದ, ನೆಲದಲ್ಲಿ ಬಿಲ ತೋಡಿ ಗುಂಪಾಗಿ ಬಾಳುವ ಪ್ರಾಣಿ ಇದೆ. ಅದರ ಚಿಗಟಗಳಲ್ಲಿ ಪ್ಲೇಗಿನ ಸೂಕ್ಷ್ಮಾಣು ಇನ್ನೂ ಉಳಿದಿದೆ. ಒಂದು ಕಾಲಕ್ಕೆ ರಾಸಾಯನಿಕ ಅಸ್ತ್ರಗಳನ್ನು ತಯಾರಿಸುತ್ತಿದ್ದ ರಾಕಿ ಮೌಂಟನ್ ಆರ್ಸೆನಲ್ ಈಗ ವನ್ಯಜೀವಿ ಧಾಮ. ಆಡಮ್ಸ್ ಕೌಂಟಿಯ ಈ ಧಾಮದ ಪ್ರೇರಿ ನಾಯಿಗಳಲ್ಲಿ ಆ ವರ್ಷ ಪ್ಲೇಗ್ ಹರಡಿತು. ಧಾಮವನ್ನು ಕೆಲಕಾಲ ಮುಚ್ಚಿದರು, ಬಿಲಗಳಿಗೆ ಚಿಗಟನಾಶಕ ಪುಡಿ ಹಾಕಿದರು, ಪಕ್ಕದ ಫುಟ್‌ಬಾಲ್ ಮೈದಾನದ ಮಣ್ಣಿನ ಜಾಗಗಳಲ್ಲಿ ವಾಹನ ನಿಲ್ಲಿಸದಂತೆ ನೋಡಿಕೊಂಡರು. ನಿಗಾ ಇಟ್ಟು ಜನರಿಗೆ ತಿಳಿವಳಿಕೆ ಕೊಟ್ಟದ್ದು ಟ್ರೈ-ಕೌಂಟಿ ಇಲಾಖೆ. ಪ್ಲೇಗಿನ ಪ್ರಾಣಿಗಳನ್ನು ಬಲ್ಲ ತಜ್ಞರು ಪ್ರತಿ ಕೌಂಟಿಯಲ್ಲೂ ಇರಲು ಸಾಧ್ಯವಿಲ್ಲ. ಮೂರು ಕೌಂಟಿಗಳಿಗೆ ಸೇರಿ ಇರಬಹುದು.

ಕ್ಷಯದ ಕೆಲಸ ನನಗೆ ಎಲ್ಲಕ್ಕಿಂತ ಹತ್ತಿರದ್ದು. ರೋಗಿ ಮಾತ್ರೆ ನುಂಗುವುದನ್ನು ಆರೋಗ್ಯ ಕಾರ್ಯಕರ್ತರು ಕಣ್ಣಾರೆ ನೋಡುವ ಪದ್ಧತಿ ಅಮೆರಿಕದಲ್ಲಿ ಬೇರೂರಿದ್ದು ಡೆನ್ವರಿನಲ್ಲಿ, 1960ರ ದಶಕದಲ್ಲಿ, ಡಾ. ಜಾನ್ ಸ್ಬಾರ್ಬಾರೊ ಅವರ ಶ್ರಮದಿಂದ. ಅದರ ಹಿಂದೆ ಮದರಾಸಿನ ಸಂಶೋಧನೆಯಿತ್ತು: ಕ್ಷಯಕ್ಕೆ ಸ್ಯಾನಿಟೋರಿಯಂ ಬೇಡ, ಮನೆಯಲ್ಲೇ ಔಷಧ ಕೊಟ್ಟರೂ ಅಷ್ಟೇ ಗುಣ ಎಂದು ಆ ಸಂಶೋಧನೆ 1959ರಲ್ಲಿ ತೋರಿಸಿಕೊಟ್ಟಿತ್ತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು.

ಈಗ ಅರೋರಾದಲ್ಲಿ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ತಂದೆಯ ಕಫದಲ್ಲಿ ಕ್ಷಯದ ಸೂಕ್ಷ್ಮಾಣು ಸಿಕ್ಕಿದೆ. ಮನೆ ಆಡಮ್ಸ್‌ನಲ್ಲಿ, ಕೆಲಸ ಅರಾಪಹೊದ ಗೋದಾಮಿನಲ್ಲಿ, ವಾರಾಂತ್ಯದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಅಕ್ಕನ ಮನೆ ಡಗ್ಲಾಸ್‌ನಲ್ಲಿ. ಒಂದೇ ಇಲಾಖೆ ಇದ್ದಾಗ ಒಬ್ಬ ನರ್ಸ್, ಒಂದು ಕಡತ. ಆಕೆ ಬೆಳಿಗ್ಗೆ ಬಂದು ಮಾತ್ರೆ ನುಂಗಿಸುತ್ತಾರೆ, ಗೋದಾಮಿನಲ್ಲಿ ಜೊತೆಗೆ ಕೆಲಸ ಮಾಡುವವರ ಪಟ್ಟಿ ಮಾಡುತ್ತಾರೆ, ಅಕ್ಕನ ಮನೆಯ ಮಗುವಿಗೆ ಪರೀಕ್ಷೆ ಮಾಡಿಸುತ್ತಾರೆ. ಭಾಷೆ ಬಾರದಿದ್ದರೆ ದುಭಾಷಿಯನ್ನು ಕರೆತರುತ್ತಾರೆ. ಇಲಾಖೆ ಮೂರಾದ ಮೇಲೆ ಇದೇ ಕೆಲಸಕ್ಕೆ ಮೂರು ಕಚೇರಿಗಳ ನಡುವೆ ಪತ್ರ, ದೂರವಾಣಿ, ಗೋಪ್ಯತೆಯ ಅನುಮತಿ. ಮಾಡಲಾಗದ್ದೇನಲ್ಲ. ಆದರೆ ಆರು ತಿಂಗಳ ಔಷಧ ನಡುವೆ ಎಲ್ಲಿ ಕೈತಪ್ಪುತ್ತದೆಂದು ಕೇಳಿದರೆ, ಇಂಥ ಹಸ್ತಾಂತರಗಳಲ್ಲಿ ಎಂದು ಕ್ಷಯದ ಕೆಲಸ ಮಾಡಿದ ಯಾರಾದರೂ ಹೇಳುತ್ತಾರೆ.

ಇನ್ನು ಜಗಳದ ಸಂಗತಿ. ಇಲಾಖೆಯ ಮಂಡಳಿಯಲ್ಲಿ ಒಂಬತ್ತು ಸದಸ್ಯರು, ಕೌಂಟಿಗೆ ಮೂವರಂತೆ. ಕೋವಿಡ್ ಹರಡುತ್ತಿದ್ದ 2020ರ ಜುಲೈ 8ರಂದು ಮಂಡಳಿ ಮಾಸ್ಕ್ ಕಡ್ಡಾಯ ಮಾಡುವ ಆದೇಶವನ್ನು ಐದಕ್ಕೆ ನಾಲ್ಕು ಮತಗಳಿಂದ ಅಂಗೀಕರಿಸಿತು. ಬೇಡವಾದ ಕೌಂಟಿ, ಬೇಡವಾದ ನಗರ ಹೊರಗುಳಿಯಬಹುದು ಎಂಬ ಅವಕಾಶವೂ ಅದರಲ್ಲೇ ಇತ್ತು. ಆದರೂ ಡಗ್ಲಾಸ್‌ನ ಆಯುಕ್ತರು ಮರುದಿನವೇ ಇಲಾಖೆಯನ್ನು ಬಿಡುವುದಾಗಿ ಹೇಳಿದರು. ವಾರ ಕಳೆಯುವಷ್ಟರಲ್ಲಿ, ಜುಲೈ 16ರಂದು, ರಾಜ್ಯಪಾಲ ಜೇರೆಡ್ ಪೋಲಿಸ್ ಇಡೀ ರಾಜ್ಯಕ್ಕೇ ಮಾಸ್ಕ್ ಆದೇಶ ಹೊರಡಿಸಿದರು. ಯಾವ ಆದೇಶಕ್ಕಾಗಿ ಮನಸ್ಸು ಮುರಿಯಿತೋ ಅದು ಒಂದು ವಾರದಲ್ಲಿ ಪ್ರಸ್ತುತತೆಯನ್ನೇ ಕಳೆದುಕೊಂಡಿತು. ಮುರಿದ ಮನಸ್ಸು ಮಾತ್ರ ಕೂಡಲಿಲ್ಲ.

ಆಮೇಲೆ ಒಪ್ಪಂದವಾಯಿತು. ಬೇಡವಾದ ಆದೇಶದಿಂದ ಹೊರಗುಳಿಯುವ ಹಕ್ಕು ಇಟ್ಟುಕೊಂಡು ಡಗ್ಲಾಸ್ 2022ರ ಕೊನೆಯವರೆಗೆ ಇರಲು ಒಪ್ಪಿತು. 2021ರ ಆಗಸ್ಟಿನಲ್ಲಿ ಶಾಲೆಗಳು ತೆರೆಯುವ ಹೊತ್ತಿಗೆ ಕೋವಿಡ್‌ನ ಡೆಲ್ಟಾ ತಳಿ ಹರಡುತ್ತಿತ್ತು. ಹನ್ನೆರಡಕ್ಕಿಂತ ಚಿಕ್ಕ ಮಕ್ಕಳಿಗೆ ಇನ್ನೂ ಲಸಿಕೆ ಬಂದಿರಲಿಲ್ಲ. ಮಂಡಳಿ ಆ ಮಕ್ಕಳಿಗೆ ಮಾಸ್ಕ್ ಕಡ್ಡಾಯ ಮಾಡಿತು, ಡಗ್ಲಾಸ್ ಹೊರಗುಳಿಯಿತು. ಆಗಸ್ಟ್ ಕೊನೆಗೆ ಮಂಡಳಿ ಎರಡು ವರ್ಷ ದಾಟಿದ ಎಲ್ಲರಿಗೂ ಶಾಲೆಗಳಲ್ಲಿ ಆದೇಶವನ್ನು ವಿಸ್ತರಿಸಿ, ಹೊರಗುಳಿಯುವ ಅವಕಾಶವನ್ನೇ ರದ್ದು ಮಾಡಿತು. ಸೆಪ್ಟೆಂಬರ್ 7ರ ತೀರ್ಮಾನ ಅದರ ಬೆನ್ನಲ್ಲೇ ಬಂತು.

ಡಗ್ಲಾಸ್‌ನವರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಕೊಟ್ಟ ಅವಕಾಶವನ್ನು ವರ್ಷದೊಳಗೆ ಹಿಂತೆಗೆದುಕೊಂಡರೆ ಕೊಟ್ಟ ಮಾತು ತಪ್ಪಿದರು ಎಂದು ಯಾರಿಗಾದರೂ ಅನ್ನಿಸುತ್ತದೆ. ತಾವು ಮತ ಹಾಕದ ಆರು ಮಂದಿ ತಮ್ಮ ಮಕ್ಕಳ ಬಗ್ಗೆ ತೀರ್ಮಾನಿಸುತ್ತಾರೆ ಎಂಬ ಕಸಿವಿಸಿಯೂ ನಿಜವಾದದ್ದೇ. ಆದರೆ ಲೆಕ್ಕವನ್ನು ಪೂರ್ತಿ ನೋಡಬೇಕು. ಮೂರು ಕೌಂಟಿಗಳ ಜನಸಂಖ್ಯೆಯಲ್ಲಿ ಡಗ್ಲಾಸ್‌ನದು ಕಾಲು ಪಾಲಿಗಿಂತ ಕಡಿಮೆ. ಮಂಡಳಿಯಲ್ಲಿ ಅದರ ಪಾಲು ಮೂರನೆಯ ಒಂದು. ಹಾಗೆ ಸಮನಾಗಿ ಹಂಚಿದ್ದರಿಂದ ಚಿಕ್ಕ ಜೊತೆಗಾರನಿಗೆ ಜನಸಂಖ್ಯೆಯ ಪಾಲಿಗಿಂತ ಹೆಚ್ಚಿನ ದನಿ ಸಿಕ್ಕಿತ್ತು. ಆ ಔದಾರ್ಯವನ್ನು ವಾದ ಮಾಡಿದವರು ನೆನೆಯಲಿಲ್ಲ. ಮಂಡಳಿಯವರೂ ಡಗ್ಲಾಸ್‌ನ ಕೇಂದ್ರವಾದ ಕ್ಯಾಸಲ್ ರಾಕ್ ಊರಿನಲ್ಲಿ ಹೋಗಿ ಕುಳಿತು ಜನರೆದುರು ಇದನ್ನೆಲ್ಲ ಬಿಡಿಸಿ ಹೇಳಬೇಕಿತ್ತು ಎಂದು ನನ್ನ ಅನಿಸಿಕೆ. ಐದಕ್ಕೆ ನಾಲ್ಕರ ತೀರ್ಮಾನಕ್ಕೆ ಕಾನೂನಿನ ಬಲವಿರುತ್ತದೆ; ಒಲ್ಲದವರನ್ನು ಒಪ್ಪಿಸಲು ಅಷ್ಟೇ ಸಾಲದು.

ಡಗ್ಲಾಸ್ ತನ್ನದೇ ಆರೋಗ್ಯ ಮಂಡಳಿ ರಚಿಸಿಕೊಂಡಿತು. ಆ ಮಂಡಳಿ ಅಕ್ಟೋಬರ್ 8ರಂದು ಹೊರಡಿಸಿದ ಆದೇಶದಂತೆ, ಮಾಸ್ಕ್ ಬೇಡವೆಂದು ತಂದೆತಾಯಿ ಬರೆದುಕೊಟ್ಟರೆ ಮಗುವಿಗೆ ವಿನಾಯಿತಿ ಸಿಗುತ್ತಿತ್ತು. ಆಗ ಅದೇ ಕೌಂಟಿಯ ಸಾರ್ವಜನಿಕ ಶಾಲೆಗಳನ್ನು ನಡೆಸುವ ಶಾಲಾ ಜಿಲ್ಲೆ ಕೋರ್ಟಿಗೆ ಹೋಯಿತು. ಅಂಗವೈಕಲ್ಯ, ಕಾಯಿಲೆಗಳಿರುವ ಒಂಬತ್ತು ಮಕ್ಕಳೂ ಅರ್ಜಿದಾರರು. ಪಕ್ಕದ ಮಗುವಿನ ಉಸಿರಿನಿಂದ ತಮಗೆ ಅಪಾಯವಾದರೆ ಶಾಲೆಯ ಬಾಗಿಲೇ ಮುಚ್ಚಿದಂತೆ ಎಂಬುದು ಅವರ ವಾದ. ಅಕ್ಟೋಬರ್ ಕೊನೆಗೆ ಫೆಡರಲ್ ನ್ಯಾಯಾಧೀಶ ಜಾನ್ ಕೇನ್ ಆ ಆದೇಶಕ್ಕೆ ತಾತ್ಕಾಲಿಕ ತಡೆ ಕೊಟ್ಟರು. ನವೆಂಬರಿನ ಚುನಾವಣೆಯಲ್ಲಿ ಶಾಲಾ ಮಂಡಳಿಯ ಬಹುಮತ ಬದಲಾಯಿತು, ಹೊಸಬರು ಮಾಸ್ಕ್ ನಿಯಮ ತೆಗೆದರು. ಹೀಗೆ ಬೇರೆಯಾದ ಕೆಲವೇ ವಾರಗಳಲ್ಲಿ, ಹೊರಗಿನವರ ಜೊತೆ ಇದ್ದ ಜಗಳ ಕೌಂಟಿಯ ಒಳಗೇ ಬಂದು ಕುಳಿತಿತು. ಸ್ಥಳೀಯ ಹಿಡಿತ ಸಿಕ್ಕಿದರೆ ಭಿನ್ನಾಭಿಪ್ರಾಯ ತೀರುತ್ತದೆ ಎಂಬ ನಂಬಿಕೆಗೆ ಆಧಾರವಿರಲಿಲ್ಲ ಎಂಬುದನ್ನು ಈ ಪ್ರಕರಣ ಬೇಗನೆ ತೋರಿಸಿಬಿಟ್ಟಿತು.

ಒಬ್ಬರು ಹೊರಟ ಮೇಲೆ ಉಳಿದಿಬ್ಬರ ಲೆಕ್ಕವೂ ಬದಲಾಗುತ್ತದೆ. 2021ರ ಅಕ್ಟೋಬರಿನಲ್ಲೇ ಆಡಮ್ಸ್ ಕೂಡ 2022ರ ಕೊನೆಗೆ ಬಿಡಲು ನಿರ್ಧರಿಸಿತು. ಅದರ ಕಾರಣ ಮಾಸ್ಕ್ ಆಗಿರಲಿಲ್ಲ. ತನ್ನ ಜನರ ಅಗತ್ಯಗಳಿಗೆ ತಕ್ಕ, ತನ್ನದೇ ಇಲಾಖೆ ಬೇಕು ಎಂಬುದು ಅದರ ನಿಲುವು. ಶುದ್ಧೀಕರಣ ಘಟಕದ ಹೊಗೆ ಕುಡಿಯುವ ಕಾಮರ್ಸ್ ಸಿಟಿಯವರ ಅಗತ್ಯಗಳು ಡಗ್ಲಾಸ್‌ನ ಬಡಾವಣೆಗಳ ಅಗತ್ಯಗಳೇ ಆಗಿರಲು ಸಾಧ್ಯವಿಲ್ಲ. ಆ ನಿಲುವಿಗೆ ನನ್ನ ಗೌರವವಿದೆ. ಒಂಟಿಯಾದ ಅರಾಪಹೊಗೆ ಬೇರೆ ದಾರಿ ಉಳಿಯಲಿಲ್ಲ. ಕೊಲರಾಡೊದ 2008ರ ಸಾರ್ವಜನಿಕ ಆರೋಗ್ಯ ಕಾಯ್ದೆಯಂತೆ ಪ್ರತಿ ಕೌಂಟಿ ತನ್ನದೇ ಆರೋಗ್ಯ ಸಂಸ್ಥೆಯನ್ನು ನಡೆಸಬೇಕು, ಇಲ್ಲವೇ ಜಂಟಿ ಜಿಲ್ಲೆಯೊಂದರಲ್ಲಿ ಸೇರಿರಬೇಕು. 2023ರ ಜನವರಿ 1ರಂದು ಆಡಮ್ಸ್ ಮತ್ತು ಅರಾಪಹೊಗಳ ಹೊಸ ಇಲಾಖೆಗಳು ಕೆಲಸ ಶುರುಮಾಡಿದವು.

ನಮ್ಮಲ್ಲಿ ಅವಿಭಕ್ತ ಕುಟುಂಬ ಪಾಲಾಗುವಾಗ ಹೊಲ, ದನ, ಪಾತ್ರೆ-ಪಡಗ ಎಲ್ಲ ಹಂಚಿಕೊಂಡರೂ ಬಾವಿಯನ್ನು ಪಾಲುಪಟ್ಟಿಯಲ್ಲಿ ಜಂಟಿಯಾಗಿಯೇ ಬರೆಸುತ್ತಾರೆ. ಆರೋಗ್ಯ ಇಲಾಖೆಯಲ್ಲೂ ಹಾಗೆ ಬರೆಸಬೇಕಾದವು ಕೆಲವಿವೆ. ಸೋಂಕಿನ ಹರಡುವಿಕೆಯನ್ನು ಲೆಕ್ಕ ಹಾಕುವ ತಜ್ಞರು, ಕ್ಷಯದ ನರ್ಸುಗಳು, ದುರಂತ ಕಾಲಕ್ಕೆ ಲಸಿಕೆ ಮತ್ತು ಔಷಧ ಹಂಚುವ ವ್ಯವಸ್ಥೆ, ದಶಕಗಳ ಅಂಕಿಅಂಶ. ಹೋಟೆಲ್ ತಪಾಸಣೆಯನ್ನು ಹಂಚಿಕೊಳ್ಳಬಹುದು. ಹೋಟೆಲು ನಿಂತಲ್ಲಿ ನಿಂತಿರುತ್ತದೆ. ಕಾಯಿಲೆ ಹೊತ್ತ ಮನುಷ್ಯ ನಿಂತಲ್ಲಿ ನಿಲ್ಲುವುದಿಲ್ಲ.

ಪಾಲಿನ ಲೆಕ್ಕದಲ್ಲಿ ಬಾರದ ಇನ್ನೊಂದು ನಷ್ಟವನ್ನು ಹೇಳದೆ ಮುಂದೆ ಹೋಗಲಾರೆ. ಕೋವಿಡ್‌ನ ಆ ಎರಡು ವರ್ಷ ಅಮೆರಿಕದ ಉದ್ದಕ್ಕೂ ಆರೋಗ್ಯಾಧಿಕಾರಿಗಳಿಗೆ ಬೆದರಿಕೆಗಳು ಬಂದವು. ಎಷ್ಟೋ ಮಂದಿ ರಾಜೀನಾಮೆ ಕೊಟ್ಟರು, ಕೆಲವರನ್ನು ತೆಗೆದುಹಾಕಿದರು. ಟ್ರೈ-ಕೌಂಟಿಯ ಕಚೇರಿಗಳ ಮೇಲೂ ದಾಳಿ ನಡೆಯಿತು. ಇಪ್ಪತ್ತು ವರ್ಷ ಮಣ್ಣು ಉಜ್ಜಿ ನೋಡಿ ಕೈ ಪಳಗಿದ ಇನ್ಸ್‌ಪೆಕ್ಟರು, ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಅಜ್ಜಿ ಮಾತ್ರೆಯನ್ನು ಕೆನ್ನೆಯಲ್ಲಿ ಅಡಗಿಸಿಕೊಳ್ಳುತ್ತಾಳೆ ಎಂದು ಬಲ್ಲ ನರ್ಸು ಬೇಸತ್ತು ಹೊರಟುಹೋದರೆ, ಹೊಸ ಕಟ್ಟಡ, ಹೊಸ ನಾಮಫಲಕ ಅವರ ಜಾಗ ತುಂಬುವುದಿಲ್ಲ. ಅವರ ಪರವಾಗಿ ಮಾತಾಡುವವರು ಆ ದಿನಗಳಲ್ಲಿ ಬಹಳ ಕಡಿಮೆ ಇದ್ದರು. ಅದಕ್ಕಾಗಿ ನನಗೆ ಇಂದಿಗೂ ಸಂಕಟವಿದೆ.

ಡಗ್ಲಾಸ್, ಆಡಮ್ಸ್, ಅರಾಪಹೊ ಮೂರೂ ಎಮರ್ಸನ್ ಅವರ 50 ಸಾವಿರದ ಗೆರೆಯನ್ನು ಎಷ್ಟೋ ಪಟ್ಟು ದಾಟಿದ ಕೌಂಟಿಗಳು. ಹಣವಿದೆ, ಜನರಿದ್ದಾರೆ, ಸ್ವಂತ ಇಲಾಖೆ ನಡೆಸಿಕೊಂಡು ಹೋಗಬಲ್ಲವು. ನನ್ನ ಚಿಂತೆ ಅವರನ್ನು ನೋಡಿ ಅದೇ ದಾರಿ ಹಿಡಿಯುವ ಸಣ್ಣ ಕೌಂಟಿಗಳದು. ಅದೇ ಕೊಲರಾಡೊದ ನೈಋತ್ಯ ಮೂಲೆಯಲ್ಲಿ ಲಾ ಪ್ಲಾಟಾ ಮತ್ತು ಆರ್ಚುಲೆಟಾ ಎಂಬ ಎರಡು ಕೌಂಟಿಗಳು ಸೇರಿ ಸ್ಯಾನ್ ಹ್ವಾನ್ ಬೇಸಿನ್ ಎಂಬ ಜಂಟಿ ಆರೋಗ್ಯ ಜಿಲ್ಲೆಯನ್ನು ದಶಕಗಳ ಕಾಲ ನಡೆಸಿದ್ದವು. ಅಲ್ಲೂ ಕೋವಿಡ್ ಕಾಲದ ಅಸಮಾಧಾನ, ಸ್ಥಳೀಯ ಹಿಡಿತದ ಬೇಡಿಕೆ. 2023ರ ಕೊನೆಗೆ ಆ ಜಿಲ್ಲೆಯೂ ವಿಸರ್ಜನೆಯಾಯಿತು. ಲಾ ಪ್ಲಾಟಾದಲ್ಲಿ 55 ಸಾವಿರ ಜನರಿದ್ದಾರೆ, ಹೇಗೋ ಗೆರೆಯ ಮೇಲಿದೆ. ಆರ್ಚುಲೆಟಾದ ಜನಸಂಖ್ಯೆ 2020ರಲ್ಲಿ 13,359. ನಮ್ಮ ಲೆಕ್ಕದಲ್ಲಿ ಒಂದೆರಡು ದೊಡ್ಡ ಗ್ರಾಮ ಪಂಚಾಯಿತಿಗಳಷ್ಟು.

ಹೊರಬರುವ ಹಕ್ಕನ್ನು ಯಾವ ಕೌಂಟಿಯಿಂದಲೂ ಕಿತ್ತುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಒಂದು ಆದೇಶದ ಮೇಲಿನ ಸಿಟ್ಟು ಆರುವ ಮುನ್ನ ಮತಕ್ಕೆ ಹಾಕಬಾರದು, ಒಂದು ವರ್ಷವಾದರೂ ಕಳೆಯಲಿ ಎನ್ನುತ್ತೇನೆ. ಆ ವರ್ಷದಲ್ಲಿ ಇಲಾಖೆಯ ಪ್ರತಿಯೊಂದು ಕೆಲಸದ ಎದುರು, ಬೇರೆಯಾದ ಮರುದಿನ ಬೆಳಿಗ್ಗೆ ಅದನ್ನು ಮಾಡುವ ಹುದ್ದೆ ಯಾವುದು, ಆ ಹುದ್ದೆಗೆ ಸಂಬಳ ಎಲ್ಲಿಂದ ಎಂದು ಬರೆದು, ಜನರ ಕೈಗೆ ಕೊಡಬೇಕು. ಬರೆಯಲಾಗದೆ ಖಾಲಿ ಉಳಿದ ಸಾಲುಗಳಿಗೆ ನೆರೆಯ ಕೌಂಟಿಯೊಂದಿಗೆ ಒಪ್ಪಂದ ಮೊದಲೇ ಆಗಿರಬೇಕು. ಆರ್ಚುಲೆಟಾದಂಥ ಕಡೆ ಕ್ಷಯದ ರೋಗಿ ಎಷ್ಟೋ ವರ್ಷಕ್ಕೊಬ್ಬರು ಸಿಗಬಹುದು. ಸಿಕ್ಕ ದಿನ ಆ ಕೆಲಸ ಬಲ್ಲ ನರ್ಸು ಲಾ ಪ್ಲಾಟಾದ ಡುರಾಂಗೊ ಊರಿನಿಂದಲೋ ಇನ್ನೆಲ್ಲಿಂದಲೋ ನೂರು ಕಿಲೋಮೀಟರ್ ಗಾಡಿ ಓಡಿಸಿಕೊಂಡು ಬರಬೇಕು. ಆ ಪ್ರಯಾಣದ ಖರ್ಚು ಯಾವ ಕೌಂಟಿಯ ಬಜೆಟ್ಟಿನಲ್ಲಿದೆ ಎಂಬುದನ್ನು ಅಲ್ಲಿಯ ಮತದಾರರು ತಮ್ಮ ಆಯುಕ್ತರನ್ನು ಕೇಳಬೇಕು.